ಹುಟ್ಟೋ ಕೂಸಿನ ತಲೆ ಮೇಲೆ ಎಷ್ಟು ಸಾಲ?



ಈ ಸಲ ಈ ಪುಟದಲ್ಲಿ ದೊಡ್ಡ ಮಾತು ಬೇಡ. ಬರೀ ಲೆಕ್ಕ. ಹಾಸ್ಟೆಲಿನ ಕೋಣೆಯಲ್ಲಿ ಕೂತು ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರ ಮನೆಯಲ್ಲಿ ಈ ಹೊತ್ತು ಒಬ್ಬ ಬಸುರಿ ಹೆಂಗಸು ಇದ್ದಾಳೆ. ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿರಬಹುದು. ಅತ್ತಿಗೆಗೆ ಏಳು ತುಂಬಿರಬಹುದು. ನಿಮ್ಮಲ್ಲೇ ಕೆಲವರಿಗೆ ಓದು ಮುಗಿಯೋ ಮುಂಚೆ ಮದುವೆಯಾಗಿ, ಹೆಂಡತಿ ಊರಲ್ಲಿ ದಿನ ಎಣಿಸುತ್ತಿರಬಹುದು. ಅದೇ ಮನೆಯ ಗೋಡೆಗೂಡಿನಲ್ಲಿ, ತಾಯಿ ಕಾರ್ಡಿನ ಪಕ್ಕಕ್ಕೇ, ಸಂಘದ ಪಾಸುಬುಕ್ಕುಗಳು ಒಂದರ ಮೇಲೊಂದು ಕೂತಿವೆ. ತಾಯಿ ಕಾರ್ಡು ಒಂದೇ. ಪಾಸುಬುಕ್ಕು ಮೂರು, ನಾಲ್ಕು, ಐದು.

ಹೆರಿಗೆಯ ದಿನಕ್ಕೂ ಕಂತಿನ ದಿನಕ್ಕೂ ನಡುವೆ ನಡೆಯುತ್ತಿರುವ ಈ ಓಟ ನಮ್ಮ ಕೇರಿಗಳಲ್ಲಿ ಯಾರಿಗೂ ಸುದ್ದಿಯಲ್ಲ. ಸಭೆಯಲ್ಲಿ ಎತ್ತಿದರೆ "ಅದು ಮನೆ ಒಳಗಿನ ಮಾತು ಕಣಯ್ಯಾ, ಹೆಂಗಸರ ಮಾತು" ಅಂತ ತಳ್ಳಿಹಾಕೋ ಹಿರಿಯರೂ ಇದ್ದಾರೆ. ದೇವಸ್ಥಾನದ ಬಾಗಿಲು, ಕೆರೆಯ ನೀರು, ಹೋಟೆಲಿನ ಲೋಟ ಇವು ನಮಗೆ ಚಳವಳಿಯ ವಿಷಯ. ಬಸುರಿಯ ಮುಂದೆ ಬಂದು ನಿಂತ ಕಂತಿನವನು ವಿಷಯ ಆಗೋದು ಯಾವಾಗ?

ಒಂದು ಮನೆ ಅಂದುಕೊಳ್ಳಿ. ಯಾರದೋ ಒಬ್ಬರ ಮನೆಯಲ್ಲ, ಎಲ್ಲರದೂ ಹೌದು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಾನೆ, ದಿನಕ್ಕೆ 500. ಹೆಂಡತಿ ಅದೇ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಾಳೆ, ದಿನಕ್ಕೆ 300. (ಒಂದೇ ಬಿಸಿಲು, ಒಂದೇ ಏಣಿ, ಅವಳಿಗೆ ಮಾತ್ರ 200 ಕಮ್ಮಿ. ಆ ಜಗಳ ಇನ್ನೊಂದು ಸಂಚಿಕೆಗೆ ಇರಲಿ.) ತಿಂಗಳಿಗೆ 20 ದಿನ ಕೆಲಸ ಸಿಕ್ಕಿತು ಅಂದರೆ ಅವನದು 10,000, ಅವಳದು 6,000. ಮನೆಗೆ 16,000. ಸಂಘಗಳು ಮೂರು. ಒಂದಕ್ಕೆ ವಾರಕ್ಕೆ 650, ಇನ್ನೊಂದಕ್ಕೆ 800, ಮತ್ತೊಂದಕ್ಕೆ 700. ಒಟ್ಟು ವಾರಕ್ಕೆ 2,150. ನಾಲ್ಕು ವಾರದ ತಿಂಗಳಲ್ಲಿ 8,600. ಐದು ವಾರ ಬಿದ್ದ ತಿಂಗಳಲ್ಲಿ 10,750. ಕ್ಯಾಲೆಂಡರು ಕೂಡ ಬಡವನ ಕಡೆಗಿಲ್ಲ ನೋಡಿ.

ಇಬ್ಬರೂ ದುಡಿಯುವಾಗ ಇದು ಹೇಗೋ ಉಸಿರು ಬಿಗಿಹಿಡಿದು ನಡೆಯುತ್ತೆ. ಸಾಲ ಕೊಟ್ಟವನು ಲೆಕ್ಕ ಹಾಕಿದ್ದೂ ಇಬ್ಬರ ರಟ್ಟೆಯನ್ನು ನೋಡಿಯೇ. ಈಗ ಅವಳಿಗೆ ಏಳು ತಿಂಗಳು. ಕಾಲು ಊದಿದೆ. ಮೇಸ್ತ್ರಿ "ಬ್ಯಾಡ ಕಣಮ್ಮ, ಏನಾದ್ರೂ ಆದ್ರೆ ನನ್ ತಲೆ ಮೇಲೆ" ಅಂತ ಬರಬೇಡ ಅಂದ. ಮನೆಗೆ ಬರೋ ದುಡ್ಡು 10,000ಕ್ಕೆ ಇಳಿಯಿತು. ಕಂತು 8,600 ಹಾಗೇ ಇದೆ. ಉಳಿದದ್ದು 1,400. ಹಾಲು, ಸೊಪ್ಪು, ಸ್ಕ್ಯಾನಿಂಗು, ಬಸ್ಸಿನ ಚಾರ್ಜು (ಹೆಂಗಸಿಗೆ ಬಸ್ಸು ಪುಕ್ಕಟೆ, ಜೊತೆಗೆ ಹೋಗೋ ಗಂಡನಿಗಲ್ಲ), ಮೊದಲ ಮಗುವಿದ್ದರೆ ಅದರ ಪುಸ್ತಕ, ಅಜ್ಜಿಯ ಮಾತ್ರೆ, ಎಲ್ಲಕ್ಕೂ 1,400. ಐದು ವಾರದ ತಿಂಗಳು ಬಂದರೆ ಗಂಡನ ಪೂರಾ ಕೂಲಿಯೂ ಸಾಲದು, ಮೇಲೆ 750 ಕಡಮೆ ಬೀಳುತ್ತೆ.

ಆಗ ಏನಾಗುತ್ತೆ ಅಂತ ನಿಮಗೆ ಗೊತ್ತು. ಒಂದೋ ಅವಳು ಒಂಬತ್ತು ತುಂಬುವವರೆಗೆ ಹೊಲಕ್ಕೆ, ಕಳೆ ಕೀಳೋಕೆ, ಯಾರದೋ ಮನೆ ಮುಸುರೆಗೆ ಹೋಗುತ್ತಾಳೆ. ಇಲ್ಲ, ನಾಲ್ಕನೇ ಸಾಲ ಹುಟ್ಟುತ್ತೆ. ಬಹಳ ಮನೆಗಳಲ್ಲಿ ಎರಡೂ ಆಗುತ್ತೆ. ನಾಲ್ಕನೇ ಸಾಲ ಸಂಘದ್ದಲ್ಲ, ಕೈಸಾಲ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ. "ಐದೇ ರೂಪಾಯಿ" ಅಂತಾರೆ. ಆ "ಐದೇ" ಅನ್ನೋದು ವರ್ಷಕ್ಕೆ ನೂರಕ್ಕೆ 60. 20,000 ತಂದರೆ ತಿಂಗಳಿಗೆ 1,000 ಬಡ್ಡಿ. ವರ್ಷಕ್ಕೆ 12,000 ಕೊಟ್ಟ ಮೇಲೂ ಅಸಲು 20,000 ಹಾಗೇ ಕೂತಿರುತ್ತೆ, ಕಲ್ಲಿನ ಬಸವನ ಹಾಗೆ. ನಮ್ಮ ರಾಜ್ಯದಲ್ಲಿ 2004ರಲ್ಲೇ ದುಬಾರಿ ಬಡ್ಡಿ ನಿಷೇಧದ ಕಾಯ್ದೆ ಬಂದಿದೆ ಅನ್ನೋದು ಬಡ್ಡಿ ಕೊಡೋರಿಗೂ ಗೊತ್ತಿಲ್ಲ, ತಗೊಳ್ಳೋನಿಗೆ ಗೊತ್ತಿದ್ದೂ ಗೊತ್ತಿಲ್ಲ.

ಸಂಘದ ಸಾಲವಾದರೂ ಕಮ್ಮಿ ಬಡ್ಡಿ ಅಲ್ಲವಾ ಅಂತ ಕೇಳಬಹುದು. ಬಿ.ಕಾಂ. ಓದೋ ಗೆಳೆಯರು ಪೆನ್ಸಿಲು ತಗೊಳ್ಳಿ. 30,000 ಸಾಲ, ವಾರಕ್ಕೆ 650ರಂತೆ 52 ವಾರ. ಕಟ್ಟಿದ್ದು ಒಟ್ಟು 33,800. ಮೇಲೆ ಹೋದದ್ದು 3,800. ನೋಡೋಕೆ ನೂರಕ್ಕೆ ಹದಿಮೂರರ ಒಳಗೇ ಕಾಣುತ್ತೆ. ಆದರೆ ಆ ಮೂವತ್ತು ಸಾವಿರ ವರ್ಷಪೂರ್ತಿ ಅವಳ ಕೈಲಿತ್ತಾ? ಮೊದಲನೇ ವಾರದಿಂದಲೇ ಅಸಲು ಕರಗುತ್ತಾ ಬಂತು. ಆರು ತಿಂಗಳಿಗೆ ಹೆಚ್ಚುಕಮ್ಮಿ ಅರ್ಧ ವಾಪಸ್ ಹೋಗಿತ್ತು. ಅವಳ ಹತ್ತಿರ ನಿಜವಾಗಿ ಇದ್ದ ದುಡ್ಡಿಗೆ ಲೆಕ್ಕ ಹಾಕಿದರೆ ಬಡ್ಡಿ ವರ್ಷಕ್ಕೆ ನೂರಕ್ಕೆ 24ರ ಹತ್ತಿರ ಬರುತ್ತೆ. ಇನ್ನು ಸಾಲ ಕೊಡುವಾಗಲೇ ಹಿಡಿದುಕೊಂಡ ಚಾರ್ಜು, ವಿಮೆಯ ದುಡ್ಡು ಬೇರೆ. ಹದಿಮೂರು ಅಂತ ಕಾಣೋದು ಇಪ್ಪತ್ತನಾಲ್ಕು ಆಗೋ ಈ ಕಣ್ಕಟ್ಟನ್ನು ನಿಮ್ಮ ಅವ್ವನಿಗೆ ಬಿಡಿಸಿ ಹೇಳದ ಡಿಗ್ರಿ ಏತಕ್ಕೆ?

ಸಾಲ ಯಾಕೆ ಮಾಡಿದರು ಅಂತ ಪೇಪರಿನ ಪಂಡಿತರು ಕೇಳುತ್ತಾರೆ. ಅವರಿಗೆ ಒಂದು ಸಿದ್ಧ ಉತ್ತರವೂ ಇದೆ: ದುಂದು. ನಾವು ಕಂಡಂತೆ ಕೇರಿಯ ಸಾಲದ ಮೂಲ ಬೇರೆ. ಬೋರು ಬತ್ತಿದ್ದು, ಕಾಲೇಜು ಫೀಸು, ಶೀಟು ಹಾರಿಹೋದ ಮನೆ, ಅಪ್ಪನ ಕಿಡ್ನಿ, ತಂಗಿ ಮದುವೆ. ಸಂಘದ ಸಾಲ ಸಿಗೋದು ಹೆಂಗಸಿನ ಹೆಸರಿಗೆ. ಹಾಗಾಗಿ ಗಂಡನ ಬೈಕಿನ ಸಾಲವೂ ಅವಳ ಹೆಸರಲ್ಲಿ, ಮೈದುನನ ಚೀಟಿ ಮುಳುಗಿದ ಸಾಲವೂ ಅವಳ ಹೆಸರಲ್ಲಿ. ಜಮೀನಿನ ಪಹಣಿಯಲ್ಲಿ ಅವಳ ಹೆಸರು ಹುಡುಕಿದರೂ ಸಿಗೋಲ್ಲ. ಸಾಲದ ಪಟ್ಟಿಯಲ್ಲಿ ಮಾತ್ರ ಅವಳೇ ಮನೆ ಯಜಮಾನಿ! ದುಂದಿನ ಮಾತೂ ಒಂದಿದೆ, ಅದನ್ನು ಮುಂದೆ ಹೇಳುತ್ತೇವೆ, ಪಂಡಿತರಿಗಾಗಿ ಅಲ್ಲ, ನಮಗಾಗಿ.

ಹುಟ್ಟೋ ಮುಂಚೆಯೇ ಮಗುವಿನ ತಲೆಗೆ ಸಾಲ ಕಟ್ಟೋದು ನಮಗೆ ಹೊಸದಲ್ಲ. ಜೀತ ಅಂದರೆ ಇದೇ ಆಗಿತ್ತು. ಅಪ್ಪನ ಮದುವೆಗೆ ತಂದ ದುಡ್ಡಿಗೆ ಮಗ ದನ ಕಾದ. ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಅದರಲ್ಲಿ ಚೋಮನ ಸಾಲ ತೀರಿಸೋಕೆ ಕಾಫಿ ತೋಟಕ್ಕೆ ಹೋದವರು ಅವನ ಮಕ್ಕಳು. ತೊಂಬತ್ತು ವರ್ಷ ದಾಟಿತು. 1976ರ ಜೀತ ಪದ್ಧತಿ ರದ್ದಿಯಾತಿ ಕಾಯ್ದೆಯನ್ನು ಒಮ್ಮೆ ತೆರೆದು ನೋಡಿ. ಜೀತ ಯಾವುದರಿಂದ ಹುಟ್ಟುತ್ತೆ ಅಂತ ಅದು ಹೇಳುತ್ತೆ: ಮುಂಗಡ ಸಾಲದಿಂದ, ರೂಢಿಯ ಕಟ್ಟುಪಾಡಿನಿಂದ, ವಂಶಪಾರಂಪರ್ಯವಾಗಿ ಬಂದ ಹೊಣೆಯಿಂದ, ಇಂಥ ಜಾತಿಯಲ್ಲಿ ಹುಟ್ಟಿದ್ದರಿಂದ. ಸರ್ಕಾರವೇ ತನ್ನ ಕಾಯ್ದೆಯಲ್ಲಿ ಒಪ್ಪಿಕೊಂಡಿದೆ, ಜಾತಿಯಲ್ಲಿ ಹುಟ್ಟೋದೂ ಒಂದು ಸಾಲ ಅಂತ. ಆ ಕಾಯ್ದೆಯಿಂದ ಜೀತದ ಸಾಲ ತೀರಿಸೋ ಹೊಣೆಯೇ ಅಳಿಸಿಹೋಯಿತು. ಅದೇ ಕಾಲಕ್ಕೆ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆ ತಂದು, ಸಣ್ಣ ರೈತರ, ಕೂಲಿಗಳ ಸಾಲ ಮನ್ನಾ ಮಾಡಿ, ಗಿರವಿ ಸಾಮಾನು ವಾಪಸ್ ಕೊಡಿಸಲು ಹೊರಟಿತು. ಆಮೇಲೆ ಕೈಸಾಲ ಹುಟ್ಟೋದೇ ಕಷ್ಟವಾಯಿತು ಅಂತ ಕೇರಿಯ ಮುದುಕರು ಹೇಳೋದನ್ನೂ ಕೇಳಿದ್ದೇವೆ. ಆ ಖಾಲಿ ಜಾಗಕ್ಕೆ ಇವತ್ತು ಯಾರು ಬಂದು ಕೂತಿದ್ದಾರೆ ಅನ್ನೋದೇ ಪ್ರಶ್ನೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಅಪ್ಪನ ಸಾಲ ಮಗ ತೀರಿಸದಿದ್ದರೆ ಸತ್ತವನಿಗೆ ಸದ್ಗತಿ ಇಲ್ಲ ಅನ್ನೋ ಶಾಸ್ತ್ರದ ಮಾತನ್ನು ಇಂಗ್ಲಿಷರ ಕೋರ್ಟುಗಳೂ, ಆಮೇಲೆ ನಮ್ಮ ಕೋರ್ಟುಗಳೂ ಕಾನೂನಿನ ಹಾಗೇ ನಡೆಸಿಕೊಂಡು ಬಂದಿದ್ದವು. 2005ರ ತಿದ್ದುಪಡಿ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಅದು ಎಲ್ಲರಿಗೂ ಗೊತ್ತು. ಅದೇ ತಿದ್ದುಪಡಿ, ಅಲ್ಲಿಂದ ಮುಂದೆ ಮಾಡಿದ ಸಾಲಕ್ಕೆ ಈ ಶಾಸ್ತ್ರದ ಹೆಸರಲ್ಲಿ ಮಗ, ಮೊಮ್ಮಗ, ಮರಿಮಗನ ಮೇಲೆ ಕೋರ್ಟು ವಸೂಲಿ ಮಾಡುವಂತಿಲ್ಲ ಅಂತಲೂ ಹೇಳಿತು. ಅಪ್ಪ ಅವ್ವ ಬಿಟ್ಟುಹೋದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಸಾಲಗಾರ ಕೇಳಬಹುದು. ನೀವೇ ಜಾಮೀನು ಹಾಕಿದ್ದರೆ, ಜೊತೆಗೆ ಸಹಿ ಮಾಡಿದ್ದರೆ ಮಾತು ಬೇರೆ. ಆದ್ದರಿಂದ ಹಾಸ್ಟೆಲಿನಿಂದ ಊರಿಗೆ ಹೋದಾಗ ಯಾರಾದರೂ "ಮಗ ಓದಿದಾನೆ, ಅವನದೊಂದು ಸೈನು ಇರ್ಲಿ" ಅಂದರೆ ಕಾಗದ ಪೂರ್ತಿ ಓದದೆ ಪೆನ್ನು ತೆಗೀಬೇಡಿ.

ಈಗ ಹೆರಿಗೆಯ ಖರ್ಚಿನ ಮಾತು. ಕಾನೂನಿನ ಪ್ರಕಾರ ಈ ಖರ್ಚೇ ಇರಬಾರದು. 2011ರ ಜೂನ್ ತಿಂಗಳಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಪುಕ್ಕಟೆ, ಸಿಸೇರಿಯನ್ ಕೂಡ. ಔಷಧಿ, ರಕ್ತ, ಪರೀಕ್ಷೆ ಪುಕ್ಕಟೆ. ಮಾಮೂಲಿ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಊಟ. ಮನೆಯಿಂದ ಆಸ್ಪತ್ರೆಗೆ, ದೊಡ್ಡಾಸ್ಪತ್ರೆಗೆ ಕಳಿಸಿದರೆ ಅಲ್ಲಿಗೆ, ವಾಪಸ್ ಮನೆಗೆ ಗಾಡಿ. ಕೂಸಿಗೆ ಹುಷಾರಿಲ್ಲದಿದ್ದರೂ ಅಷ್ಟೇ. ಜನನಿ ಸುರಕ್ಷಾ ಯೋಜನೆಯಲ್ಲಿ ನಮ್ಮ ಹೆಂಗಸರಿಗೆ ಹಳ್ಳಿಯಾದರೆ 700, ಪೇಟೆಯಾದರೆ 600. ಮಾತೃ ವಂದನಾದಲ್ಲಿ ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಅವಳ ಹೆಸರು ನೋಂದಾಯಿಸಿದ್ದರೆ ಹೆರಿಗೆ ಸಹಾಯಧನ ಬೇರೆ ಇದೆ. ಆದರೆ ಇಟ್ಟಿಗೆ ಹೊರುವ ಎಷ್ಟು ಹೆಂಗಸರ ಹೆಸರು ಅಲ್ಲಿದೆ? ಅಂಗನವಾಡಿಯಲ್ಲಿ ಬಸುರಿಗೂ ಬಾಣಂತಿಗೂ ಮಧ್ಯಾಹ್ನದ ಊಟ 2017ರಿಂದ ನಡೆಯುತ್ತಿದೆ. ಕೂಲಿಗೆ ಹೋದವಳು ಮಧ್ಯಾಹ್ನ ಅಂಗನವಾಡಿಗೆ ಬಂದು ಉಣ್ಣೋದು ಹೇಗೆ ಅಂತ ಯೋಜನೆ ಬರೆದವರು ಕೇಳಿಕೊಂಡ ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಜನಕ್ಕೆ ರಕ್ತ ಕಮ್ಮಿ. ಕಂತು ಕಟ್ಟೋಕೆ ಸೊಪ್ಪು, ಮೊಟ್ಟೆ ಬಿಟ್ಟವರು ಆ ನಲವತ್ತೈದರಲ್ಲಿ ಎಷ್ಟು ಜನ ಅಂತ ಯಾವ ಸಮೀಕ್ಷೆಯೂ ಕೇಳೋಲ್ಲ.

ಇಷ್ಟೆಲ್ಲ ಪುಕ್ಕಟೆ ಇದ್ದೂ ಯಾಕೆ ನಮ್ಮವರು ಖಾಸಗಿ ನರ್ಸಿಂಗ್ ಹೋಮಿನ ಮೆಟ್ಟಿಲು ಹತ್ತುತ್ತಾರೆ? ಶೋಕಿಗಲ್ಲ. ಭಯಕ್ಕೆ. ಹೆರಿಗೆ ವಾರ್ಡಿನಲ್ಲಿ ಬೈಗುಳ ತಿಂದವಳು ಎರಡನೇ ಸಲ ಅಲ್ಲಿಗೆ ಹೋಗೋಕೆ ಹೆದರುತ್ತಾಳೆ. "ಯಾವ ಕೇರಿ?" ಅನ್ನೋ ಪ್ರಶ್ನೆಯ ಅರ್ಥ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು, ಒಟ್ಟು ಐವರು. ಸಂಶಯ ಬಿದ್ದದ್ದು ಏರಿಸಿದ ಡ್ರಿಪ್ಪಿನ ಮೇಲೆ. ಅಂಥ ಸುದ್ದಿ ಓದಿದ ಗಂಡ, ಸಾಲ ಮಾಡಿಯಾದರೂ ಸರಿ ಅಂತ ಹೊರಗೆ ಕರೆದುಕೊಂಡು ಹೋದರೆ ಅವನನ್ನು ದಡ್ಡ ಅನ್ನೋಕೆ ನಮಗೆ ಬಾಯಿ ಬರೋಲ್ಲ. ಆದರೆ ಹೊರಗೆ ಕಾದಿರೋದು ಏನು? ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ಹೆರಿಗೆಗೆ 31 ಸಿಸೇರಿಯನ್. ಖಾಸಗಿಯಲ್ಲಿ ಅರ್ಧಕ್ಕೂ ಮೇಲೆ. ಹೊಟ್ಟೆ ಕೊಯ್ದರೆ ಬಿಲ್ಲು ಬೇರೆ, ಅದು ಮಾಗೋವರೆಗೆ ಕೂಲಿ ಇಲ್ಲದ ತಿಂಗಳುಗಳು ಬೇರೆ. ಆದ್ದರಿಂದ ಸರ್ಕಾರಿ ಆಸ್ಪತ್ರೆಯನ್ನು ಬಿಟ್ಟು ಓಡೋದಲ್ಲ, ಅದನ್ನು ಹಿಡಿದು ನಿಲ್ಲಿಸೋದು ನಮ್ಮ ಕೆಲಸ. ಹೆರಿಗೆಗೆ ಹೋಗುವವಳ ಜೊತೆ ಓದು ಬಂದ ಹುಡುಗಿಯೋ ಹುಡುಗನೋ ಒಬ್ಬರು ಹೋಗಿ, ದುಡ್ಡು ಕೇಳಿದರೆ ರಸೀತಿ ಕೊಡಿ ಅಂದರೆ ಸಾಕು, ಎಷ್ಟೋ ಕೈಗಳು ಹಿಂದಕ್ಕೆ ಹೋಗುತ್ತವೆ.

ಬಾಬಾಸಾಹೇಬರ ಫೋಟೋ ನಮ್ಮೆಲ್ಲರ ಕೋಣೆಯಲ್ಲೂ ಇದೆ. ಆ ಫೋಟೋದ ಹಿಂದಿನ ಮನೆಯನ್ನೂ ನೆನಪಿಡಿ. ರಮಾಬಾಯಿ ಹೆತ್ತ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬನೇ. ಕೊನೆಯ ಕೂಸು ರಾಜರತ್ನ ತೀರಿಕೊಂಡದ್ದು 1926ರಲ್ಲಿ. ಎರಡು ವರ್ಷ ಕಳೆದು, 1928ರಲ್ಲಿ, ಮುಂಬಯಿ ಶಾಸನಸಭೆಯಲ್ಲಿ ಗಿರಣಿ ಹೆಂಗಸರ ಹೆರಿಗೆ ಭತ್ಯದ ಮಸೂದೆ ಬಂದಾಗ ಅದರ ಪರ ಎದ್ದು ಮಾತಾಡಿದವರು ಅವರೇ. ಹೆರುವ ಮುಂಚೆ, ಹೆತ್ತ ಮೇಲೆ ತಾಯಿಗೆ ಬಿಡುವು ಸಿಗೋದು ಇಡೀ ದೇಶದ ಹಿತ ಅಂತ ವಾದಿಸಿದರು. 1929ರಲ್ಲಿ ಅದು ಕಾಯ್ದೆಯಾಯಿತು. ಹೆರಿಗೆ ಮನೆ ಒಳಗಿನ ಮಾತು ಅನ್ನೋ ನಮ್ಮ ಹಿರಿಯರು ಇದನ್ನು ಓದಬೇಕು. ಇವತ್ತು ಆಫೀಸಿನ ಹೆಂಗಸಿಗೆ 26 ವಾರ ಸಂಬಳ ಸಮೇತ ರಜೆ ಇದೆ, ಬೇಡ ಅನ್ನೋದಿಲ್ಲ. ಇಟ್ಟಿಗೆ ಹೊರುವವಳಿಗೆ ಎಷ್ಟು ವಾರ? 2013ರ ಆಹಾರ ಭದ್ರತಾ ಕಾಯ್ದೆ ಅವಳಿಗೆ ಕಡೇ ಪಕ್ಷ 6,000 ಅಂತ ಬರೆಯಿತು. ಕೊಡುವಾಗ ಮೊದಲ ಮಗುವಿಗೆ 5,000 ಮಾಡಿ, ಎರಡನೆಯದು ಗಂಡಾದರೆ ಏನೂ ಇಲ್ಲ ಮಾಡಿದರು. ಪಕ್ಕದ ತಮಿಳುನಾಡಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಹೆರಿಗೆ ಸಹಾಯ 18,000ದವರೆಗೆ ಹೋಗಿದೆ. ಕಾವೇರಿ ಆ ಕಡೆಗೆ ಹರಿಯುವಾಗ ಬಸ್ಸಿಗೆ ಕಲ್ಲು ಹೊಡೆಯೋ ನಾವು, ಈ ವಿಷಯದಲ್ಲಿ ಅವರನ್ನು ನೋಡಿ ಕಲಿಯೋಕೆ ಏನು ಅಡ್ಡಿ?

ಈಗ ಕಂತಿನವನ ಮಾತಿಗೆ ಬರೋಣ. ಹೆಚ್ಚು ಹೊತ್ತು ಇಲ್ಲೇ ನಿಲ್ಲಬೇಕು.

ನಮ್ಮ ಕಡೆ ಹೆರಿಗೆಯಾದ ಮನೆಗೆ ಪುರುಡು. ಹನ್ನೊಂದು ದಿನ ಆ ಮನೆ ನೀರು ಕುಡಿಯಬಾರದು, ಒಳಗೆ ಹೋಗಬಾರದು. ಕೇರಿಗಂತೂ ಮೇಲಿನ ಬೀದಿಯವರು ಪುರುಡು ಇಲ್ಲದಾಗಲೂ ಕಾಲಿಡೋಲ್ಲ. ಈ ಎರಡೂ ಮೈಲಿಗೆಯನ್ನು ದಾಟಿ ಬರೋದು ಕಂತು ಒಂದೇ. ಬಾಣಂತಿ ಹಸಿ ಮೈಯಲ್ಲಿ ಕೂತಿದ್ದಾಳೆ. ಹೊಸಲ ಹತ್ತಿರ ಬೈಕು ನಿಂತಿದೆ. ಗುಂಪಿನ ಉಳಿದ ಹೆಂಗಸರು ಸುತ್ತ ನಿಂತಿದ್ದಾರೆ, ಇವಳು ಕಟ್ಟದಿದ್ದರೆ ಅವರೇ ತುಂಬಿಕೊಡಬೇಕು ಅನ್ನೋದು ಗುಂಪು ಸಾಲದ ಕಟ್ಟಳೆ. ನಿನ್ನೆ ಖಾರ ಅರೆದು ಕೊಟ್ಟವಳು, ಮಗುವಿಗೆ ಎರೆಯೋಕೆ ಬಂದವಳು, ಇವತ್ತು "ನಿನ್ ಮನೆ ಹಾಳಾಗ, ನಮ್ ಮನೇಲೂ ಮಕ್ಳಿಲ್ವಾ" ಅಂತ ಬೈಯುತ್ತಾಳೆ. ಹಳೇ ಜಮೀನ್ದಾರ ಸಾಲಕ್ಕೆ ಆಳನ್ನು ಕಳಿಸುತ್ತಿದ್ದ. ಈ ಹೊಸ ಪದ್ಧತಿಗೆ ಆಳೂ ಬೇಡ, ಬಡವಿಯ ಮೇಲೆ ಬಡವಿಯನ್ನೇ ಕಾವಲಿಗೆ ಹಾಕಿದೆ. ಕೇರಿಯಲ್ಲಿ ನಮಗಿದ್ದ ಒಂದೇ ಆಸ್ತಿ ಒಬ್ಬರಿಗೊಬ್ಬರು ಆಗೋದು. ಅದನ್ನೂ ಅಡ ಇಡಿಸಿಕೊಂಡರು.

ಬೈಕಿನ ಮೇಲೆ ಬಂದವನು ಯಾರು? ಮುಖ ನೋಡಿ. ನಮ್ಮ ಹಾಸ್ಟೆಲಿನಲ್ಲೇ ಮೂರು ವರ್ಷ ಅನ್ನ ತಿಂದವನು ಇರಬಹುದು. ಬಿ.ಎ. ಮುಗಿಸಿ, ಪರೀಕ್ಷೆ ಬರೆದು ಬರೆದು ವಯಸ್ಸು ಮೀರಿ, ಕೊನೆಗೆ ಸಿಕ್ಕ ಕೆಲಸ ಇದು. ಪೆಟ್ರೋಲು ತನ್ನದು, ಟಾರ್ಗೆಟ್ಟು ಕಂಪನಿಯದು. ಸಂಜೆ ಲೆಕ್ಕದಲ್ಲಿ ಕಮ್ಮಿ ಬಿದ್ದರೆ ಬೈಗುಳ ಅವನಿಗೂ ಇದೆ. ಇವನ ಅವ್ವನೂ ಇನ್ನೊಂದು ಊರಲ್ಲಿ ಇನ್ನೊಬ್ಬ ಹುಡುಗನಿಗೆ ಕಂತು ಕಟ್ಟುತ್ತಿರುತ್ತಾಳೆ. ನಮ್ಮ ಓದಿದ ಹುಡುಗರನ್ನೇ ನಮ್ಮ ಬಾಣಂತಿಯರ ಬಾಗಿಲಿಗೆ ನಿಲ್ಲಿಸಿರುವ ಜಾಣತನಕ್ಕೆ ಏನನ್ನಬೇಕು? ನಾವು ಅವನನ್ನು ಶತ್ರು ಅನ್ನೋದಿಲ್ಲ. ಆದರೆ ಅವನಿಗೆ ಒಂದು ಮಾತು ಹೇಳಲೇಬೇಕು. ತಮ್ಮಾ, ನಿನ್ನ ಕೆಲಸ ಉಳಿಸಿಕೋ. ಆದರೆ ಯಾವ ನಿಯಮದ ಕೆಳಗೆ ನೀನು ಕೆಲಸ ಮಾಡುತ್ತಿದ್ದೀಯೋ ಆ ನಿಯಮವನ್ನು ಓದು. ಅದನ್ನು ಮೀರು ಅಂತ ನಿನಗೆ ಹೇಳಿದವನು ಬರೆದು ಕೊಡೋಲ್ಲ, ಬಾಯಲ್ಲಿ ಹೇಳುತ್ತಾನೆ. ಕೇಸು ಬಿದ್ದ ದಿನ ಜೈಲಿಗೆ ಹೋಗುವವನು ನೀನು.

ಆ ನಿಯಮ ಏನು ಅಂತ ಎಲ್ಲರೂ ತಿಳಿದುಕೊಳ್ಳಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನ ಇದು. ವರ್ಷಕ್ಕೆ 3 ಲಕ್ಷದ ಒಳಗೆ ವರಮಾನ ಇರುವ ಮನೆಗೆ ಅಡವಿಲ್ಲದೆ ಕೊಡೋದು ಕಿರುಸಾಲ. ಆ ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ವರಮಾನದ ಅರ್ಧ ಮೀರಬಾರದು. ಮೇಲಿನ ಲೆಕ್ಕದ ಮನೆಗೆ 8,000 ಮಿತಿ, ಕಟ್ಟುತ್ತಿರೋದು 8,600. ಅಂದರೆ ಮೂರನೇ ಸಾಲ ಕೊಟ್ಟವನೇ ನಿಯಮ ಮುರಿದಿದ್ದಾನೆ, ತಗೊಂಡವಳಲ್ಲ. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಬರಬಾರದು, ಫೋನು ಮಾಡಬಾರದು. ಕಂತು ಕಟ್ಟೋದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸತತವಾಗಿ ಎರಡು ಸಲ ಅಥವಾ ಹೆಚ್ಚು ಸಲ ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಕೆಟ್ಟ ಮಾತು ಆಡಬಾರದು, ನೆಂಟರಿಗೆ, ಜೊತೆ ಕೆಲಸದವರಿಗೆ ಕಾಟ ಕೊಡಬಾರದು, ಹೆಸರು ಬರೆದು ಹಾಕಬಾರದು. ಮುಂಚೆಯೇ ಸಾಲ ತೀರಿಸಿದರೆ ದಂಡವಿಲ್ಲ. ತಡವಾದರೆ ದಂಡ ಬಾಕಿ ಬಿದ್ದ ಕಂತಿಗೆ ಮಾತ್ರ, ಇಡೀ ಸಾಲಕ್ಕಲ್ಲ. ಬಡ್ಡಿ ಎಷ್ಟು, ಚಾರ್ಜು ಎಷ್ಟು ಅಂತ ತಿಳಿಯೋ ಭಾಷೆಯಲ್ಲಿ ಒಂದು ಚೀಟಿ ಕೊಡಬೇಕು. ಮುರಿದರೆ ಮೊದಲು ಆ ಕಂಪನಿಗೇ ಬರೆದು ದೂರು ಕೊಡಿ, ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ನಂಬರು 14448.

ಬಡ್ಡಿಗೆ ಮಾತ್ರ ಆ ನಿರ್ದೇಶನದಲ್ಲಿ ಮಿತಿ ಹಾಕಿಲ್ಲ, ಕಂಪನಿಗಳ ಮರ್ಜಿಗೇ ಬಿಟ್ಟಿದ್ದಾರೆ. ಹಾವಿನ ಹಲ್ಲು ಬಿಟ್ಟು ಬಾಲ ಕತ್ತರಿಸಿದ ಹಾಗೆ.

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಕಂತಿನ ಕಾಟಕ್ಕೆ ಜನ ಮನೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂತು. ಅದೇ ತಿಂಗಳು ಬೆಳಗಾವಿ ಜಿಲ್ಲೆಯಲ್ಲಿ ಹಸುಗೂಸಿನ ಸಮೇತ ಬಾಣಂತಿಯನ್ನು ಮನೆಯಿಂದ ಹೊರಗೆ ಹಾಕಿದ್ದೂ ಪತ್ರಿಕೆಗಳಲ್ಲಿ ಬಂತು. ಆಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಟಿತು, ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ ಆಮೇಲೆ ಒಪ್ಪಿದರು, ಮಾರ್ಚಿನಲ್ಲಿ ವಿಧಾನಸಭೆಯಲ್ಲಿ ಅದಕ್ಕೆ ಕಾಯ್ದೆಯ ರೂಪ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನೋಂದಣಿ ಇಲ್ಲದವನು ಬಡವರಿಗೆ ಕೊಟ್ಟ ಸಾಲ ತೀರಿದಂತೆಯೇ ಲೆಕ್ಕ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು, ಕಂಪನಿಗಳನ್ನು ಇದರಿಂದ ಹೊರಗಿಟ್ಟರು. ಆದ್ದರಿಂದ ಮೊದಲು ನೋಡಬೇಕಾದ್ದು ಸಾಲ ಕೊಟ್ಟವನು ಯಾವ ಜಾತಿ ಅನ್ನೋದು. ನಗಬೇಡಿ, ಸಾಲಕ್ಕೂ ಜಾತಿ ಇದೆ. ನೋಂದಾಯಿಸಿದ ಕಂಪನಿಯೋ, ನೋಂದಣಿ ಇಲ್ಲದ ಮೀಟರ್ ಬಡ್ಡಿಯವನೋ, ಫೋನಿನ ಆ್ಯಪೋ. ಯಾರಿಗೆ ಎಲ್ಲಿ ದೂರು ಕೊಡಬೇಕು ಅನ್ನೋದು ಅದರ ಮೇಲೆ ನಿಂತಿದೆ.

ಇನ್ನು ದುಂದಿನ ಮಾತು. ಬಸುರಿಗೆ ಮಡಿಲು ತುಂಬೋದು ನಮ್ಮಲ್ಲಿ ಇತ್ತು. ಐದು ಜನ ಹೆಂಗಸರು ಕೂತು, ಅವಳು ಬಯಸಿದ್ದು ಮಾಡಿ ಉಣಿಸಿ, ಬಳೆ ತೊಡಿಸಿ ಕಳಿಸುತ್ತಿದ್ದರು. ಈಗ ಅದಕ್ಕೆ ಫ್ಲೆಕ್ಸು, ಶಾಮಿಯಾನ, ಡ್ರೋನು. ಮೇಲಿನ ಬೀದಿಯವರು ಮಾಡಿದರು ಅಂತ ನಾವೂ. ಅವರಿಗೆ ಸಮ ಆಗೋದು ಶಾಮಿಯಾನದಲ್ಲಿ ಅಲ್ಲ. ಗಂಡಸರ ಸಂಜೆಯ ಕ್ವಾರ್ಟರು ವಾರಕ್ಕೆ ಎಷ್ಟಾಗುತ್ತೆ ಅಂತಲೂ ಅದೇ ಪೆನ್ಸಿಲಿನಲ್ಲಿ ಬರೆಯಿರಿ, ಎಷ್ಟೋ ಮನೆಯಲ್ಲಿ ಅದು ಒಂದು ಸಂಘದ ಕಂತಿನಷ್ಟೇ ಬರುತ್ತೆ. ಅದಕ್ಕಿಂತ ಒಳ್ಳೇದು ನಮ್ಮಲ್ಲೇ ಇದೆ, ಮುಯ್ಯಿ. ತೊಟ್ಟಿಲಿಗೆ ಸ್ಟೀಲು ತಟ್ಟೆ ಮುಯ್ಯಿ ಮಾಡೋ ಬದಲು, ಏಳನೇ ತಿಂಗಳಲ್ಲೇ ಕೇರಿಯವರು ಮನೆಗೆ ಇಷ್ಟು ಅಂತ ಹಾಕಿ ಆ ಬಸುರಿಯ ಕಂತನ್ನು ನಾಲ್ಕು ವಾರ ಕಟ್ಟಿಬಿಡಲಿ. ನಾಳೆ ಅವರ ಮನೆಯ ಬಸುರಿಗೆ ಇವರು ಕಟ್ಟುತ್ತಾರೆ. ಬಡ್ಡಿ ಇಲ್ಲ, ಪಾಸುಬುಕ್ಕೂ ಇಲ್ಲ.

ಸಾಲ ಮುಳುಗಿಸಿದ ಮನೆಯಲ್ಲಿ ಮಾತು ನಿಂತುಹೋಗುತ್ತೆ, ಅದನ್ನು ಗಮನಿಸಿ. ಗಂಡ ಎಷ್ಟು ತಂದಿದ್ದಾನೆ ಅಂತ ಹೆಂಡತಿಗೆ ಹೇಳೋಲ್ಲ, ಹೆಂಡತಿ ತವರಿನ ಓಲೆ ಅಡ ಇಟ್ಟದ್ದು ಗಂಡನಿಗೆ ಹೇಳೋಲ್ಲ. ಇಬ್ಬರೂ ರಾತ್ರಿ ಕಣ್ಣು ಬಿಟ್ಟುಕೊಂಡು ಮಲಗುತ್ತಾರೆ. ಯಾರಾದರೂ ಜೀವ ಬೇಡ ಅನ್ನೋ ಮಾತು ಆಡಿದರೆ ಅದನ್ನು ತಮಾಷೆ ಮಾಡಬೇಡಿ, ಜೊತೆಗಿರಿ, 14416ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳೋಲ್ಲ.

ನಮ್ಮ ಬೇಡಿಕೆಯನ್ನು ಇಲ್ಲಿ ದಾಖಲಿಸುತ್ತೇವೆ. ಬಸುರಿಯ ಏಳನೇ ತಿಂಗಳಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ಅವಳ ಹೆಸರಿನ ಎಲ್ಲ ಕಿರುಸಾಲದ ಕಂತು ನಿಲ್ಲಬೇಕು, ಆ ಕಾಲಕ್ಕೆ ಬಡ್ಡಿ ಓಡಬಾರದು, ಅವಳ ಪಾಲನ್ನು ಗುಂಪಿನ ಮೇಲೆ ಹಾಕಬಾರದು. ತಾಯಿ ಕಾರ್ಡು ತೋರಿಸಿದರೆ ಸಾಕು ಅನ್ನೋ ಹಾಗಿರಬೇಕು. ಹೆರಿಗೆ ಭತ್ಯ ಎಷ್ಟನೇ ಮಗು, ಗಂಡೋ ಹೆಣ್ಣೋ ಅಂತ ಕೇಳದೆ ಸಿಗಬೇಕು, ಅದೂ ಹೆರುವ ಮುಂಚೆ. ಮಗುವಿಗೆ ವರ್ಷ ತುಂಬಿದ ಮೇಲೆ ಬಂದರೆ ಅದು ಭತ್ಯವಲ್ಲ, ಬಾಕಿ.

ಸರ್ಕಾರ ಕೊಡೋ ತನಕ ಕೂತಿರೋದು ಬೇಡ. ಈ ರಜೆಗೆ ಊರಿಗೆ ಹೋದಾಗ ಒಂದು ಹಾಳೆಯಲ್ಲಿ ಮನೆಯ ಸಾಲವೆಲ್ಲ ಬರೆಯಿರಿ. ಯಾರಿಂದ, ಎಷ್ಟು, ಯಾವ ಬಡ್ಡಿ, ಈವರೆಗೆ ಕಟ್ಟಿದ್ದೆಷ್ಟು. ಅವ್ವನನ್ನು, ಅತ್ತಿಗೆಯನ್ನು ಕೇಳಿ ಬರೆಯಿರಿ, ಅಪ್ಪನಿಗೆ ಪೂರ್ತಿ ಗೊತ್ತಿರೋಲ್ಲ. ಹೆಚ್ಚು ಬಡ್ಡಿಯ ಕೈಸಾಲ ಮೊದಲು ತೀರಬೇಕು. ಹಳೇ ಸಾಲಕ್ಕೆ ಹೊಸ ಸಾಲ ಬೇಡವೇ ಬೇಡ. ಹೆರಿಗೆಗೆ ಎರಡು ತಿಂಗಳು ಮುಂಚೆ ಕಂತು ಮುಂದಕ್ಕೆ ಹಾಕಿ ಅಂತ ಅರ್ಜಿ ಬರೆದು, ಕೊಟ್ಟದ್ದಕ್ಕೆ ಸಹಿ ತಗೊಳ್ಳಿ. ಅರ್ಜಿ ಬರೆಯೋಕೆ ಬಾರದಿದ್ದರೆ ನಾವು ಬರೆದುಕೊಡುತ್ತೇವೆ. ಮುಂದಿನ ಸಭೆಗೆ ಬರುವಾಗ ಆ ಹಾಳೆಯನ್ನೂ ಪಾಸುಬುಕ್ಕಿನ ನಕಲನ್ನೂ ತನ್ನಿ, ಹೆಸರು ಬೇಕಾಗಿಲ್ಲ. ಕಂತು ವಸೂಲಿಯ ಕೆಲಸದಲ್ಲಿರುವ ಗೆಳೆಯರೂ ಬನ್ನಿ. ಭಾಷಣಕ್ಕೆ ಮುಂಚೆ ಒಂದು ಗಂಟೆ ಬರೀ ಲೆಕ್ಕಕ್ಕೆ ಇಟ್ಟಿದ್ದೇವೆ.